ಇಂದ್ರವ್ವ ಮಾಟ ಕಲಿಯಲು ಹೋದಳು

ಚಿಮ್ಮಡದ ಇಂದ್ರವ್ವನ ಮುಂದಿನ ಹಲ್ಲನ್ನು ಕಲ್ಲಿನಿಂದ ಜಜ್ಜಿ ಮುರಿದದ್ದು ಹಾಡಹಗಲು, ಬೆಳಗಿನ ಹನ್ನೊಂದರ ಸುಮಾರಿಗೆ, ಅವಳ ಮೈದುನನ ಮನೆಯಂಗಳದಲ್ಲಿ. ಮುರಿದವನು ಮೈದುನನ ಮಗ ಶಿವಪುತ್ರ. ಅವನು ಚಿಕ್ಕವನಿದ್ದಾಗ ಇದೇ ಇಂದ್ರವ್ವ ಅವನನ್ನು ಟೊಂಕದ ಮೇಲೆ ಹೊತ್ತು ಅಂಗನವಾಡಿಗೆ ಬಿಟ್ಟು ಬರುತ್ತಿದ್ದಳು. ಅಂದು ಅವಳ ಕೈಗಳನ್ನು ಇಬ್ಬರು ಗಂಡಸರು ಹಿಡಿದಿದ್ದರು, ತಲೆಯನ್ನು ಮೈದುನನ ಹೆಂಡತಿ ಸಿದ್ದಕ್ಕ ಹಿಡಿದಿದ್ದಳು. ಸುತ್ತ ನಿಂತು ನೋಡಿದವರು ಇಪ್ಪತ್ತು ಮಂದಿಯಾದರೂ ಇದ್ದರು. ಮಾಟಗಾತಿಯ ಹಲ್ಲು ಮುರಿದರೆ ಅವಳ ಬಾಯಲ್ಲಿ ಮಂತ್ರ ನೆಟ್ಟಗೆ ಹೊರಡುವುದಿಲ್ಲವಂತೆ, ಗಾಳಿ ಸೋರಿ ಹೋಗುತ್ತದಂತೆ. ಇದನ್ನು ನನಗೆ ಹೇಳುವಾಗ ಇಂದ್ರವ್ವ ನಕ್ಕಳು. ಆ ನಗು ನೋಡಿ ಟೈಪು ಮಾಡುತ್ತಿದ್ದ ನನ್ನ ಬೆರಳುಗಳು ನಿಂತುಬಿಟ್ಟವು.

ನಾನು ನೀಲಕಂಠ. ಜಮಖಂಡಿಯಲ್ಲಿ ಕೋರ್ಟಿನ ಎದುರು ಕೂತು ಮಂದಿಗೆ ಅರ್ಜಿ, ದೂರು, ಅಫಿಡವಿಟ್ ಬರೆದು ಕೊಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷಗಳಲ್ಲಿ ನಾನು ಬರೆಯದ ಜಗಳವಿಲ್ಲ. ಹಾಗಾಗಿ ಇಂದ್ರವ್ವ ಬಂದು ಕೂತಾಗ ಮೊದಲು ಕೇಳಿದ್ದು ಎಲ್ಲರೂ ಕೇಳುವುದನ್ನೇ: "ಹೊಲದ ಪಾಲಿನ ತಂಟೆ ಇತ್ತೇನ ಯವ್ವಾ?"

"ಇಲ್ರಿ."

"ಮನಿ ಜಾಗಾ?"

"ಏನೂ ಇಲ್ರಿ. ಅವರಿಗೆ ನನ್ನಿಂದ ಏನೂ ಬೇಕಾಗಿದ್ದಿಲ್ಲ. ಅದಽ ನನಗ ಸಿಟ್ಟು."

ಅವಳ ಗಂಡ ಯಲ್ಲಾಲಿಂಗ ಕಾಮಾಲೆಯಾಗಿ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮೈದುನ ಗಿರಮಲ್ಲಪ್ಪನ ಮನೆಗೆ ಹೊಂದಿಕೊಂಡೇ ಅವಳದೊಂದು ಕೋಣೆ. ಬೀರೇಶ್ವರನ ಒಕ್ಕಲು ಅವರದು, ಹತ್ತಿಪ್ಪತ್ತು ಕುರಿ, ಒಂದಿಷ್ಟು ಕಬ್ಬು. ಇಂದ್ರವ್ವ ದಿನಾ ಬೆಳಿಗ್ಗೆ ಟಂಟಂ ರಿಕ್ಷಾ ಹತ್ತಿ ಬನಹಟ್ಟಿಗೆ ಹೋಗಿ, ಸುಪಾರ್ಶ್ವ ಸಾಹುಕಾರರ ಮಗ್ಗದ ಶೆಡ್ಡಿನಲ್ಲಿ ಕಂಡಿಕಿ ಎಂಬ ಸಣ್ಣ ಕೊಳವೆಗಳಿಗೆ ನೂಲು ಸುತ್ತಿ, ಸಂಜೆ ಊರಿಗೆ ಬರುತ್ತಿದ್ದಳು. ಶಿವಪುತ್ರನ ಹೆಂಡತಿಗೆ ಎರಡನೆಯ ಸಲ ಗರ್ಭ ಇಳಿದುಹೋಯಿತು. ಆ ಹುಡುಗಿಗೆ ಬಿಸಿನೀರು ಕಾಯಿಸಿ, ಬೆನ್ನು ತಿಕ್ಕಿ, ಎರಡು ದಿನ ಕೆಲಸ ಬಿಟ್ಟು ಪಕ್ಕದಲ್ಲಿ ಕೂತವಳು ಇಂದ್ರವ್ವನೇ. ಮೂರನೆಯ ದಿನ ಗಿರಮಲ್ಲಪ್ಪ, ಸಿದ್ದಕ್ಕ ಇಬ್ಬರೂ ಎಲ್ಲಿಗೋ ಹೋಗಿ, ಹೀಗೆ ಯಾರಿಂದಾಯಿತೆಂದು 'ಕೇಳಿಸಿಕೊಂಡು' ಬಂದರು. ಎಲ್ಲಿಗೆ, ಯಾರ ಹತ್ತಿರ ಎಂದು ಹೇಳಲಿಲ್ಲ. ಬಂದ ಮೇಲೆ ಅವಳ ಕೈಯ ನೀರು ಕುಡಿಯಲಿಲ್ಲ. ಮರುದಿನ ಬೆಳಿಗ್ಗೆ ಅಂಗಳಕ್ಕೆ ಕರೆದರು.

"ಗಂಡನಿಲ್ಲದಾಕಿ, ನೂಲು ಮುಟ್ಟೂ ಕೈ. ಹಿಂಗಽ ಹೇಳ್ಯಾರ. ನೀ ಅಲ್ಲದ ಮತ್ಯಾರ?" ಎಂದಳು ಸಿದ್ದಕ್ಕ.

ನಂತರ ಹಿರಿಯರು ಗುಡಿಯ ಕಟ್ಟೆಯ ಮೇಲೆ ಸೇರಿದರು. ಇಂದ್ರವ್ವ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು, ಸೆರಗು ಕೆಂಪಾಗಿತ್ತು. ಅವರಲ್ಲೊಬ್ಬರು, "ಆಗಿದ್ದು ಆತು, ಮನಿ ಮಾತು ಮನ್ಯಾಗ ಇರಲಿ," ಎಂದರು. ಇನ್ನೊಬ್ಬರು ಅವಳ ಕಡೆ ತಿರುಗಿ, "ನೀನೂ ಇನ್ನ ಮ್ಯಾಲೆ ಹಂಗೆಲ್ಲಾ ಮಾಡಬ್ಯಾಡವಾ," ಎಂದರು.

ಈ ಕೊನೆಯ ಮಾತನ್ನು ದೂರಿನಲ್ಲಿ ಹಾಗೇ ಬರೆಯಬೇಕೆಂದು ಇಂದ್ರವ್ವ ಹಟ ಹಿಡಿದಳು. ಅದಕ್ಕೆ ಕಾನೂನಿನಲ್ಲಿ ಯಾವ ಕಲಮೂ ಇಲ್ಲ ಎಂದೆ. "ಕಲಮು ಇರಲಿ ಬಿಡಲಿ, ಬರೀರಿ. ಹಲ್ಲು ಮುರದಿದ್ದು ಒಬ್ಬಾಂವ. ಈ ಮಾತು ಊರಽ ಆಡೇತಿ," ಎಂದಳು. ಬರೆದೆ.

ಕಟ್ಟೆಯ ಮೇಲಿನ ಆ ಮಾತಾದ ಮೇಲೆ ಅವಳು ಊರು ಬಿಟ್ಟು ಬನಹಟ್ಟಿಗೆ ಬಂದಿದ್ದಳು. ಅಕ್ಕವ್ವ ಎಂಬ ಜೈನರ ಮುದುಕಿ ತನ್ನ ಮನೆಯ ಹಿಂದಿನ ಕೋಣೆ ಕೊಟ್ಟಳು. ಅಕ್ಕವ್ವನ ಮೊಮ್ಮಗಳು ಸಿದ್ಧಿ ಜಮಖಂಡಿಯ ಕಾಲೇಜಿಗೆ ಹೋಗುವ ಹುಡುಗಿ. ಇಂದ್ರವ್ವ ಕೆಲಸದಿಂದ ಬಂದವಳು ಯಾರೊಡನೆಯೂ ಮಾತಾಡದೆ ಗೋಡೆ ನೋಡುತ್ತ ಕೂರುವುದನ್ನು ಕಂಡು ಸಿದ್ಧಿಗೆ ಏನಾದರೂ ಮಾಡಬೇಕೆನಿಸಿತು. ಒಂದು ಸಂಜೆ ಫೋನ್ ಹಿಡಿದು ಬಂದಳು.

"ಇಂದ್ರಕ್ಕಾ, ಒಂದು ತೋರಸ್ತೇನಿ. ಸಿಟ್ಟಾಗಬ್ಯಾಡ್ರಿ."

ಫೋನಿನಲ್ಲಿ ಕಪ್ಪು ಬಟ್ಟೆಯ ಬಿಳಿ ಹೆಂಗಸೊಬ್ಬಳು ಮೇಣದ ಬತ್ತಿ ಹಚ್ಚಿಕೊಂಡು ಕೂತಿದ್ದಳು. ಎದುರಿಗೆ ಸೊಪ್ಪು ಬೇರು ತುಂಬಿದ ಗಾಜಿನ ಭರಣಿಗಳು, ಒಂದು ಬಟ್ಟಲಲ್ಲಿ ಉಪ್ಪು. ಹೊಸಬರು ಹೇಗೆ ಶುರು ಮಾಡಬೇಕೆಂದು ಹೇಳಿಕೊಡುತ್ತಿದ್ದಳು.

"ಇದಕ್ಕ ವಿಕ್ಕಾ ಅಂತಾರ್ರಿ. ಇವರು ತಮಗ ತಾವಽ ಮಾಟಗಾತಿ ಅಂತ ಹೇಳ್ಕೋತಾರ. ಹುಣ್ಣಿಮಿಗೆ ಚಂದ್ರನ ಪೂಜಾ ಮಾಡ್ತಾರ, ಗಿಡಮರಕ್ಕ ಕೈ ಮುಗೀತಾರ. ಯಾರೂ ನಾಚಿಕೊಳ್ಳೂದಿಲ್ಲ. ನೋಡ್ರಿ, ಎಷ್ಟು ಮಂದಿ ಮೆಚ್ಚ್ಯಾರ."

"ಇವರ ಹಲ್ಲು ಯಾರೂ ಮುರೀಲಿಲ್ಲೇನು?"

"ಹಿಂದ ಸುಟ್ಟಾರಂತ, ಗಲ್ಲಿಗೆ ಹಾಕ್ಯಾರಂತ. ಈಗ ಇಲ್ಲರಿ. ಇವರ ಮೊದಲನೇ ನೇಮ ಏನ ಅಂದ್ರ, ಯಾರಿಗೂ ಕೇಡು ಮಾಡಬಾರದು."

ಇಂದ್ರವ್ವ ಫೋನನ್ನು ತಿರುಗಿಸಿ ಅವಳ ಕೈಗಿಟ್ಟಳು. "ಹಂಗಾರ ಇದು ನನಗ ಬ್ಯಾಡವಾ ತಂಗಿ. ನನಗ ಕೇಡು ಮಾಡೂದಽ ಕಲೀಬೇಕಾಗೇತಿ."

ಸಿದ್ಧಿ ತಮಾಷೆ ಎಂದುಕೊಂಡಳು. ತಮಾಷೆಯಾಗಿರಲಿಲ್ಲ. ಎಲ್ಲರೂ ಸೇರಿ ಒಂದು ಹೆಸರು ಇಟ್ಟಿದ್ದಾರೆ, ಆ ಹೆಸರಿಗೆ ತಕ್ಕ ವಿದ್ಯೆಯಾದರೂ ತನ್ನ ಕೈಯಲ್ಲಿರಲಿ ಎಂದು ಅವಳು ಆ ವಾರವೇ ನಿಶ್ಚಯಿಸಿದಳು. ಶಿವಪುತ್ರನ ಬಾಯಿಂದ ರಕ್ತ ಬರುವುದನ್ನು ನೋಡಬೇಕು. ಸಿದ್ದಕ್ಕನ ಕೈ ಸೆಟೆದುಹೋಗಬೇಕು. ಇಷ್ಟನ್ನೂ ಅವಳು ನನ್ನೆದುರು ಮುಚ್ಚಿಡಲಿಲ್ಲ.

ಶೆಡ್ಡಿನಲ್ಲಿ ಜೊತೆಗೆ ಕಂಡಿಕಿ ಸುತ್ತುವ ಹೆಂಗಸೊಬ್ಬಳು ಅಂದಾನೆಪ್ಪನ ಹೆಸರು ಹೇಳಿದಳು. ಬೀಳಗಿಯ ಆಚೆ, ಹಿನ್ನೀರಿಗೆ ಮುಳುಗಿದ ಊರಿನವರು ಬಂದು ನೆಲೆಸಿದ ಒಂದು ಪುನರ್ವಸತಿ ಕೇಂದ್ರದಲ್ಲಿ ಅವನ ತಗಡಿನ ಶೆಡ್ಡು. ಮಾಟ ತೆಗೆಯುತ್ತಾನೆ, ಬೇಕೆಂದವರಿಗೆ ಮಾಡಿಯೂ ಕೊಡುತ್ತಾನೆ. ಮುಂದಿನ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಇಂದ್ರವ್ವ ಬೆಳಗಿನ ಬಸ್ಸು ಹಿಡಿದು ಜಮಖಂಡಿಗೆ ಬಂದು, ಅಲ್ಲಿಂದ ಬೀಳಗಿಯ ಬಸ್ಸು ಹತ್ತಿದಳು.

ಅಂದಾನೆಪ್ಪನಿಗೆ ಐವತ್ತರ ಆಸುಪಾಸು. ಬಿಳಿ ಅಂಗಿ, ಬಿಳಿ ಧೋತರ, ಮೃದುವಾದ ಮಾತು.

"ನಂದೇನೂ ತೆಗೀಬ್ಯಾಡ್ರಿ ಅಪ್ಪಾರ. ನನಗ ಕಲಸ್ರಿ," ಎಂದಳು ಇಂದ್ರವ್ವ.

ಅವನು ಅವಳ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡಿದ. "ಯಾರ ಮ್ಯಾಲೆ ಸಿಟ್ಟು?"

"ನಮ್ಮ ಮಂದಿ ಮ್ಯಾಲೇನ."

"ಸಿಟ್ಟು ಇದ್ದಾಕಿ ಲಗೂನ ಕಲೀತಾಳ. ಅಮಾಸಿ, ಹುಣ್ಣಿಮಿ, ರವಿವಾರ ಬಾ. ಮೊದಲ ಸೇವಾ ಮಾಡು. ಮಂತ್ರ ಆಮ್ಯಾಲೆ."

ಸೇವೆಯೆಂದರೆ ಹೊರಗೆ ಬೇವಿನ ಗಿಡದ ಕೆಳಗೆ ಕೂತು ಪಾಳಿ ಹಚ್ಚಿದ ಹೆಂಗಸರಿಗೆ ನೀರು ಕೊಡುವುದು. ನೀರು ಕೊಡುತ್ತ ಮಾತಾಡಿಸುವುದು. ಯಾವ ಊರು, ಏನು ತ್ರಾಸು, ಮನೆಯಲ್ಲಿ ಯಾರಿದ್ದಾರೆ, ನೆರೆಯಲ್ಲಿ ಯಾರು, ಕೊನೆಗೆ ಯಾರ ಕೈಯಿಂದ ಏನು ತಿಂದಿದ್ದರು. ನಂತರ ನಿಂಬೆಹಣ್ಣಿನ ತಾಟು ಹಿಡಿದು ಒಳಗೆ ಹೋಗಿ ಅಷ್ಟನ್ನೂ ಅಂದಾನೆಪ್ಪನ ಕಿವಿಗೆ ಹಾಕುವುದು. ಮುಂದಿನ ಹಲ್ಲಿಲ್ಲದ ಬಾಯಿ ನೋಡಿ ಹೆಂಗಸರಿಗೆ ಅವಳ ಮೇಲೆ ಬೇಗ ನಂಬಿಕೆ ಹುಟ್ಟುತ್ತಿತ್ತು. ಅವಳಿಗೂ ಕಷ್ಟ ಬಂದಿದೆ, ಅವಳೂ ಇಲ್ಲಿಗೇ ಬಂದಿದ್ದಾಳೆ ಅಂದರೆ ಇಲ್ಲಿ ಏನೋ ಇದೆ ಎಂದುಕೊಳ್ಳುತ್ತಿದ್ದರು.

ಎರಡನೆಯ ತಿಂಗಳು ಅಂದಾನೆಪ್ಪ ಮೊದಲನೆಯ ವಿದ್ಯೆ ಕಲಿಸಿದ. ಚೂರಿಗೆ ದಾಸವಾಳದ ಎಸಳು ತಿಕ್ಕಿ ಒಣಗಿಸಿಟ್ಟರೆ, ಅದರಿಂದ ಕೊಯ್ದ ನಿಂಬೆಹಣ್ಣು ಕೆಂಪಗೆ ರಸ ಬಿಡುತ್ತದೆ. ಮಂದಿ ಅದನ್ನು ರಕ್ತ ಎನ್ನುತ್ತಾರೆ. ಇಂದ್ರವ್ವನಿಗೆ ಇದು ಬರೀ ಕಣ್ಕಟ್ಟು ಎಂದು ಅಂದೇ ತಿಳಿಯಿತು. ಆದರೂ ಬಿಟ್ಟು ಬರಲಿಲ್ಲ. ಸಾಲಿಯಲ್ಲಿ ಮೊದಲು ಅ ಆ ಕಲಿಸುವ ಹಾಗೆ ಇದು, ನಿಜವಾದದ್ದು ಮುಂದೆ ಇದೆ ಎಂದುಕೊಂಡಳು. "ಇನ್ನೊಂದು ಹೇಳ್ತೇನಿ, ಬರಕೋಬ್ಯಾಡ್ರಿ," ಎಂದು ನನಗೆ ಹೇಳಿದಳು. "ನನಗ ಆ ಕೆಲಸ ಛಲೋ ಅನಸ್ತಿತ್ತು. ಮಂದಿ ನನ್ನ ಮುಂದ ಕೈ ಮುಗದು ಕೂಡ್ತಿದ್ರು. ಊರಾಗ ನನ್ನ ಕೈ ನೀರು ಕುಡೀಲಿಲ್ಲ, ಅಲ್ಲೆ ನನ್ನ ಕೈ ನೀರಿಗೆ ಪಾಳಿ ಹಚ್ಚತಿದ್ರು."

ಆಮೇಲೆ, "ಇರಲಿ, ಅದನ್ನೂ ಬರೀರಿ," ಎಂದಳು.

ನಾಲ್ಕನೆಯ ತಿಂಗಳ ಒಂದು ರವಿವಾರ ಮುಧೋಳ ಕಡೆಯ ಹಳ್ಳಿಯೊಂದರಿಂದ ಗಂಡ ಹೆಂಡತಿ ಬಂದರು. ಗಂಡ ಸಂಜು, ಹೆಂಡತಿ ಅನುರಾಧಾ. ತೊಡೆಯ ಮೇಲೆ ಮೂರು ವರ್ಷದ ಹೆಣ್ಣುಮಗು. ಆ ವಾರ ಮಗುವಿಗೆ ಎರಡು ಸಲ ಫಿಟ್ಸ್ ಬಂದಿತ್ತು. ಇಂದ್ರವ್ವ ಮಗುವಿನ ತಲೆ ಸವರುತ್ತ ಎಂದಿನಂತೆ ಕೇಳಿದಳು.

"ಯಾರರ ಏನರ ತಿನ್ನಾಕ ಕೊಟ್ಟಿದ್ರೇನ?"

"ಇಲ್ರಿ. ಹಾಂ, ನಮ್ಮ ಓಣ್ಯಾಗ ಸೋಮವ್ವ ಅಂತ ಆಯಿ ಅದಾಳ. ಪೇರಲ ಹಣ್ಣು ಕೊಟ್ಟಿದ್ಲು. ಆಕಿಗೆ ಯಾರೂ ಇಲ್ಲ, ಈ ಕೂಸಂದ್ರ ಜೀವ. ದಿನಾ ಏನರ ಕೊಡ್ತಾಳ."

ಅನುರಾಧಾಳ ಮಾತಿನಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಇಂದ್ರವ್ವ ಒಳಗೆ ಹೋಗಿ ಹೇಳಿದಳು: ಸೋಮವ್ವ, ಒಬ್ಬಂಟಿ ಮುದುಕಿ, ಪೇರಲ. ತಾಟು ಹಿಡಿದು ಪಕ್ಕದಲ್ಲೇ ನಿಂತಳು. ದಂಪತಿ ಒಳಗೆ ಬಂದರು. ಅಂದಾನೆಪ್ಪ ಕಣ್ಣು ಮುಚ್ಚಿದ, ನಿಂಬೆಹಣ್ಣು ಕೊಯ್ದ. ಕೆಂಪು ರಸ ತಾಟಿಗೆ ತೊಟ್ಟಿಕ್ಕಿತು.

"ಹಣ್ಣಿನಾಗ ತಿನ್ನಿಸ್ಯಾಳ. ಹಸರ ಹಣ್ಣು. ಹಿಂದ ಮುಂದ ಯಾರೂ ಇಲ್ಲದಾಕಿ, ನಿಮ್ಮ ಓಣ್ಯಾಗ ಅದಾಳ. ಮ್ಯಾಲೆ ಪ್ರೀತಿ ತೋರಸ್ತಾಳ."

ಅನುರಾಧಾ ಮಗುವನ್ನು ಎದೆಗೆ ಬಿಗಿದುಕೊಂಡಳು. ಕ್ಷಣದ ಹಿಂದೆ ಆಯಿ ಎಂದಿದ್ದ ಆ ಬಾಯಿಯೇ, "ರಂಡಿ," ಎಂದಿತು. ಸಂಜು ಎದ್ದು ನಿಂತಿದ್ದ, ಅವನ ದವಡೆ ಬಿಗಿದಿತ್ತು. ಆ ದವಡೆಯನ್ನು ಇಂದ್ರವ್ವ ಮೊದಲೇ ಕಂಡಿದ್ದಳು, ಶಿವಪುತ್ರನ ಮುಖದಲ್ಲಿ. ಗಂಡನಿಲ್ಲದಾಕಿ, ನೂಲು ಮುಟ್ಟುವ ಕೈ. ತನ್ನ ಗುರುತನ್ನೂ ಹೀಗೆಯೇ ಯಾರೋ ಸಿದ್ದಕ್ಕನಿಗೆ ನೀರು ಕೊಟ್ಟು, ತಲೆ ಸವರಿ, ಅವಳ ಬಾಯಿಂದ ಹೊರತೆಗೆದು ಒಳಗೆ ಮುಟ್ಟಿಸಿದ್ದರು.

ಗಂಡ ಹೆಂಡತಿ ಹೊರಟುಹೋದರು. ಇಂದ್ರವ್ವ ಅಲ್ಲೇ ನಿಂತು ಕೇಳಿದಳು. "ಚಿಮ್ಮಡದವರು ಬಂದಿದ್ರೇನ್ರಿ ನಿಮ್ಮ ಕಡೆ? ಹೋದ ವರ್ಷ. ಸೊಸಿಗೆ ಎರಡು ಸಲ ಹೊಟ್ಟಿ ಇಳದಿತ್ತು."

"ಬಂದಿರಬೇಕು. ರವಿವಾರ ನೂರು ಮಂದಿ ಬರ್ತಾರ, ಯಾರನ್ನಂತ ನೆನಪಿಡೂದು?"

"ನೂಲು ಮುಟ್ಟೂ ಕೈ ಅಂದಿದ್ರೇನು?"

ಅಂದಾನೆಪ್ಪ ಚೂರಿ ಒರೆಸಿಕೊಳ್ಳುತ್ತಿದ್ದ. ಅವಳ ಬಾಯಿಯನ್ನು ಮತ್ತೊಮ್ಮೆ ನೋಡಿದ. ಅರ್ಥವಾಯಿತೆಂದು ಕಾಣುತ್ತದೆ, ಆದರೆ ಹೆದರಲಿಲ್ಲ. "ಅಂದಿರಬೇಕು ಬಿಡು. ಬಂದವರಿಗೆ ಯಾರದರ ಒಂದು ಹೆಸರು ಬೇಕಾಗ್ತೈತಿ ಇಂದ್ರವ್ವ. ಹೆಸರು ಸಿಗುತನಾ ಅವರು ಏಳೂದಽ ಇಲ್ಲ. ನಾ ಏನ್ ನಿನ್ನ ಹೆಸರು ಹೇಳಿದ್ನೇನು? ಗುರ್ತು ಹೇಳಿದ್ನಿ. ಹೆಸರು ಅವರಽ ಇಟಗೊಂಡ್ರು."

"ಮಂತ್ರ ಯಾವಾಗ ಕಲಸ್ತೀರಿ?"

"ಎಲ್ಲಿ ಮಂತ್ರ? ನೀ ಕಲತದ್ದಽ ವಿದ್ಯಾ. ಇದಕ್ಕಿಂತ ಹೆಚ್ಚಿಂದು ನನಗೂ ಬರೂದಿಲ್ಲ."

ಇಂದ್ರವ್ವ ಕೈಯಲ್ಲಿದ್ದ ತಾಟನ್ನು ಅವನ ಮುಖಕ್ಕೆ ಬೀಸಿ ಒಗೆದಳು. ಹುಬ್ಬು ಹರಿಯಿತು. ಬಿಳಿ ಅಂಗಿಯ ಮೇಲೆ ನಿಂಬೆಯ ರಸವೂ ರಕ್ತವೂ ಒಟ್ಟಿಗೆ ಇಳಿದವು. ಅವನ ಮಂದಿ ಓಡಿ ಬರುವಷ್ಟರಲ್ಲಿ ಅವಳು ರಸ್ತೆಗೆ ಬಂದಾಗಿತ್ತು. ತನ್ನ ಬಾಳು ಹಾಳು ಮಾಡಿದವನಿಗೆ ತನ್ನ ನೆನಪೂ ಇಲ್ಲ ಎಂಬುದನ್ನು ಅವಳು ಇವತ್ತಿಗೂ ಸಹಿಸಿಕೊಂಡಿಲ್ಲ. ಹಗೆಯಿಂದ ಮಾಡಿದ್ದರೆ ಒಂದು ಲೆಕ್ಕ ಎನ್ನುತ್ತಾಳೆ.

ಸೋಮವ್ವನ ಊರಿಗೆ ಹೋಗಬೇಕೆಂದರೆ ಮುಧೋಳದ ಬಸ್ಸು ಆ ದಿನ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಅಲ್ಲಿಂದ ಟಂಟಂ ಹಿಡಿದು ಆ ಹಳ್ಳಿಗೆ ಮುಟ್ಟಿದಾಗ ಹತ್ತು ಗಂಟೆ. ಓಣಿಯ ತುಂಬ ಮಂದಿ. ಸೋಮವ್ವನ ಪಾತ್ರೆಗಳೆಲ್ಲ ಬೀದಿಗೆ ಬಿದ್ದಿದ್ದವು. ಮುದುಕಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಹಣೆ ಒಡೆದಿತ್ತು. ಸಂಜುವಿನ ಕೈಯಲ್ಲಿ ಕಲ್ಲು ಇನ್ನೂ ಇತ್ತು.

ಇಂದ್ರವ್ವ ಮಂದಿಯನ್ನು ತಳ್ಳಿಕೊಂಡು ನುಗ್ಗಿ ಅನುರಾಧಾಳ ಎದುರು ನಿಂತಳು. "ನನ್ನ ಗುರ್ತು ಹತ್ತಿತೇನ ತಂಗಿ? ನಿನ್ನೆ ನಿನಗ ನೀರು ಕೊಟ್ಟಾಕಿ ನಾನು."

"ಹೌದ್ರಿ..."

"ಪೇರಲ ಹಣ್ಣಿನ ಮಾತು ಯಾರಿಗೆ ಹೇಳಿದಿ? ಆ ಅಂದಾನೆಪ್ಪಗ ಹೇಳಿದೇನು?"

ಅನುರಾಧಾ ಗಂಡನ ಮುಖ ನೋಡಿದಳು.

"ನನಗ ಹೇಳಿದಿ! ನಾ ಒಳಗ ಹೋಗಿ ಹೇಳಿದ್ನಿ. ನಾ ಹೇಳಿದ್ದನ್ನ ಅಂವ ಕಣ್ಣು ಮುಚ್ಚಿ ನಿನಗ ತಿರುಗಿ ಹೇಳಿದ. ಹಣ್ಣಿನಾಗ ಬಂದದ್ದು ರಕ್ತ ಅಲ್ಲ, ದಾಸವಾಳ ಹೂವು. ಚೂರಿಗೆ ನಾನಽ ತಿಕ್ಕಿಟ್ಟಿದ್ನಿ." ಆಮೇಲೆ ಸಂಜುವಿನ ಕಡೆ ತಿರುಗಿ ಬಾಯಿ ತೆರೆದು ತೋರಿಸಿದಳು. "ನೋಡೋ, ನೆಟ್ಟಗ ನೋಡು! ನನ್ನ ಮ್ಯಾಲೂ ಹಿಂಗಽ ಹೇಳಿದ್ರು. ಒಗೀತಿದ್ರ ಆ ಕಲ್ಲು ನನಗ ಒಗಿ. ಹೇಳಿದಾಕಿ ನಾನು!"

ಅನುರಾಧಾ ಮೆಲ್ಲಗೆ, "ಖರೆ ಐತಿ. ನಾ ಅಪ್ಪಾರಿಗೆ ಹಣ್ಣಿನ ಮಾತು ಹೇಳೇ ಇಲ್ಲ, ಈಕಿಗೆ ಹೇಳಿದ್ನಿ," ಎಂದಳು. ಕಲ್ಲು ಕೆಳಗೆ ಬಿತ್ತು. ಆದರೆ ಸಂಜುವಿನ ಸಿಟ್ಟು ಎಲ್ಲಾದರೂ ಹೋಗಬೇಕಲ್ಲ, ಇಂದ್ರವ್ವನ ಕೆನ್ನೆಗೆ ಬಾರಿಸಿದ. ಅವಳು ಕೈ ಅಡ್ಡ ಹಿಡಿಯಲಿಲ್ಲ. ಎರಡನೆಯ ಏಟಿಗೆ ಯಾರೋ ಅವನನ್ನು ಹಿಡಿದೆಳೆದರು.

ಇಂದ್ರವ್ವ ಪಾತ್ರೆಗಳನ್ನು ಒಂದೊಂದಾಗಿ ಆರಿಸಿಕೊಂಡು ಸೋಮವ್ವನ ಬಾಗಿಲಿಗೆ ಹೋದಳು. ಮುದುಕಿ ಹಣೆಯ ರಕ್ತ ಒರೆಸಿಕೊಳ್ಳದೆ ನಿಂತೇ ಇದ್ದಳು.

"ಅಲ್ಲೇ ಇಡು. ನನ್ನ ಹೊಚ್ಚಲಾ ತುಳೀಬ್ಯಾಡ," ಎಂದಳು.

ಇಂದ್ರವ್ವ ಅಲ್ಲೇ ಇಟ್ಟು ಬಂದಳು.

ಎರಡು ದಿನದ ನಂತರ ಸಿದ್ಧಿ ಅವಳನ್ನು ನನ್ನ ಹತ್ತಿರ ಕರೆತಂದಳು. ಎರಡು ದೂರು ಬರೆದೆ. ಒಂದು ಹಲ್ಲಿನದು, ಒಂದು ಅಂದಾನೆಪ್ಪನದು. ಮಾಟದ ಹೆಸರಿನಲ್ಲಿ ಹಿಂಸಿಸುವವರ ಮೇಲೆ ನಮ್ಮ ರಾಜ್ಯದಲ್ಲಿ ಕಾನೂನೇ ಇದೆ, ಅದನ್ನೂ ಸೇರಿಸಿದೆ. ನಾನು 'ಮೂಢನಂಬಿಕೆಗೆ ಒಳಗಾಗಿ' ಎಂದು ಬರೆದ ಸಾಲನ್ನು ಸಿದ್ಧಿ ಓದಿ ಹೇಳಿದಾಗ ಇಂದ್ರವ್ವ ತಡೆದಳು.

"ಅದನ್ನ ಹೊಡದ ಹಾಕ್ರಿ. ನಂಬಿಕಿ ಎಲ್ಲಿ ಬಂತು? ನಂಬಿದ್ರ ನನ್ನ ಹಲ್ಲು ಮುರಿಯಾಕ ಅಂಜತಿದ್ರು. ನಾ ಏನೂ ಮಾಡಾಕ ಆಗದಾಕಿ ಅಂತ ಗೊತ್ತಿತ್ತು, ಅದಕ್ಕಽ ಮುರದ್ರು."

ಹೊಡೆದು ಹಾಕಿದೆ. ತನ್ನ ತಪ್ಪನ್ನೂ ಬರೆಸಿದಳು. ನೀನೂ ಆರೋಪಿಯಾಗುತ್ತೀ ಎಂದು ನಾನು ಎಚ್ಚರಿಸಿದೆ, ಪೊಲೀಸರೂ ಎಚ್ಚರಿಸಿದರು. ಆಗಲಿ ಎಂದಳು. ಅವರು ಸೋಮವ್ವನ ಹೇಳಿಕೆ ತೆಗೆದುಕೊಳ್ಳಲು ಹೋದಾಗ ಆ ಮುದುಕಿ, "ಬಂದು ಉಳಿಸಿದಾಕಿನೂ ಈಕೀನ, ಹೇಳಿ ಹೊಡಿಸಿದಾಕಿನೂ ಈಕೀನ. ಎರಡೂ ಬರಕೋರಿ," ಎಂದಳಂತೆ. ಇಂದ್ರವ್ವನ ಮೇಲೆ ಅವಳ ಸಿಟ್ಟು ಇಳಿದಿಲ್ಲ. ಇಳಿಯಬೇಕೆಂದು ಇಂದ್ರವ್ವ ಕೇಳಿಯೂ ಇಲ್ಲ. ಅನುರಾಧಾಳ ಮಗುವಿಗೆ ಮುಧೋಳದ ಡಾಕ್ಟರು ಕೊಟ್ಟ ಔಷಧ ನಡೆದಿದೆ, ಆರು ತಿಂಗಳಿಂದ ಫಿಟ್ಸ್ ಬಂದಿಲ್ಲ.

ಅಂದಾನೆಪ್ಪ ಕೆಲವು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ. ಬೇವಿನ ಗಿಡದ ಕೆಳಗಿನ ಶೆಡ್ಡು ಮುಚ್ಚಿದೆ. ಬೇರೆ ಊರಿನಲ್ಲಿ ಕೂರುತ್ತಾನೆ ಎಂದು ಕೆಲವರು ಹೇಳುತ್ತಾರೆ, ಹೇಳಿ ವಿಳಾಸವನ್ನೂ ಕೊಡುತ್ತಾರೆ. ನನ್ನ ಕಕ್ಷಿದಾರನೊಬ್ಬ ನನ್ನೆದುರೇ ಆ ವಿಳಾಸ ಬರೆದುಕೊಂಡ. ನಾನು ಅವನ ಅರ್ಜಿ ಬರೆಯದೆ ಎಬ್ಬಿಸಿ ಕಳಿಸಿದೆ.

ಕಳೆದ ತಿಂಗಳು ಗಿರಮಲ್ಲಪ್ಪನೂ ಸಿದ್ದಕ್ಕನೂ ನನ್ನ ಹತ್ತಿರ ಬಂದಿದ್ದರು. ಹಲ್ಲಿನ ಕೇಸು ರಾಜಿಯಲ್ಲಿ ಮುಗಿಸಬೇಕಂತೆ. ಶಿವಪುತ್ರನ ಹೆಂಡತಿಗೆ ಈಗ ಏಳು ತಿಂಗಳು, ಡಾಕ್ಟರು ಹೇಳಿದ ಗುಳಿಗೆ ತಪ್ಪದೆ ತಿನ್ನುತ್ತಿದ್ದಾಳೆ. ಮನೆಯಲ್ಲಿ ಒಳ್ಳೆಯದಾಗುವ ಹೊತ್ತು, ದೊಡ್ಡವ್ವ ತಿರುಗಿ ಬರಲಿ, ಎಲ್ಲ ಮರೆತು ಬಿಡೋಣ ಎಂದರು. ಇಪ್ಪತ್ತಾರು ವರ್ಷದ ರೂಢಿ, ನಾನು ಆಗಲಿ ಎಂದು ತಲೆಯಾಡಿಸಿ ರಾಜಿಯ ಕರಡು ಬರೆದೆ. ಮರುದಿನ ಬನಹಟ್ಟಿಗೆ ಹೋದೆ. ಶೆಡ್ಡಿನಲ್ಲಿ ಮಗ್ಗಗಳ ಸದ್ದಿಗೆ ಮಾತು ಕೇಳುವಂತಿರಲಿಲ್ಲ, ಅವಳ ಕಿವಿಯ ಹತ್ತಿರ ಬಾಗಿ ರಾಜಿಯ ಮಾತು ಹೇಳಿದೆ.

ಇಂದ್ರವ್ವ ನೂಲು ಕಡಿದು ಎದ್ದು ನಿಂತಳು. ಅವಳು ಕೂಗಿದ್ದು ಮಗ್ಗದ ಸದ್ದನ್ನೂ ಮೀರಿ ಶೆಡ್ಡಿನ ಆಚೆ ತುದಿಯವರೆಗೆ ಕೇಳಿಸಿತು.

"ನೀವೂ ಆ ಕಟ್ಟಿ ಮ್ಯಾಲೆ ಕೂಡವರಽ ಆದ್ರೇನ್ರಿ? ಹುಡುಗಿ ಹಡೀಲಿ, ಛಲೋ ಆಗಲಿ, ಆಕಿ ಮ್ಯಾಲೆ ನಂದೇನಿಲ್ಲ. ಇವರು ಬಂದು ಕೋರ್ಟಿನಾಗ ನಿಂತು ಹೇಳಲಿ: ಇಂದ್ರವ್ವ ಏನೂ ಮಾಡಿದ್ದಿಲ್ಲ, ನಾವಽ ಹಿಡದು ಮುರದೇವಿ ಅಂತ. ಅದನ್ನ ಜಡ್ಜ್‌ ಸಾಹೇಬ್ರು ಬರಕೊಳ್ಳಲಿ. ಆಮ್ಯಾಲೆ ನಿಮ್ಮ ರಾಜಿ ಕಾಗದ ತರ್ರಿ."

ಸುಪಾರ್ಶ್ವ ಸಾಹುಕಾರರು ಒಳಗಿನಿಂದ ಬಂದು ಏನಾಯಿತೆಂದು ಕೇಳಿದರು. ಅವಳು ಅವರಿಗೆ ಹದಿನಾರನೇ ತಾರೀಖು ತನಗೆ ರಜೆ ಬೇಕು, ಕೋರ್ಟಿನ ತಾರೀಖು ಇದೆ ಎಂದು ಅದೇ ದನಿಯಲ್ಲಿ ಹೇಳಿದಳು. ಅವರು ಆಗಲಿ ಎಂದರು. ನಾನು ಚೀಲದಲ್ಲಿದ್ದ ರಾಜಿಯ ಕರಡನ್ನು ಹೊರತೆಗೆಯದೆ ಹಾಗೇ ತಿರುಗಿ ಬಸ್‌ ನಿಲ್ದಾಣಕ್ಕೆ ನಡೆದೆ.